ಕೊನೇ ಇಂಜೆಕ್ಷನ್ ಕೊಡ್ಸೋ ಮುಂಚೆ: ನಾಯಿ, ದನ ಸಾಕಿರೋ ನಮ್ಮ ಮಲೆನಾಡಿನವ್ರಿಗೆ

"ಡಾಕ್ಟ್ರಮ್ಮಾ, ನೋಡಕ್ಕಾಗ್ತಿಲ್ಲ, ಒಂದು ಇಂಜೆಕ್ಷನ್ ಕೊಟ್ಬಿಡಿ" ಅಂತ ಫೋನ್ ಬರೋದು ಜಾಸ್ತಿ ರಾತ್ರಿ ಒಂಬತ್ತರ ಮೇಲೆ. ಹಗಲೆಲ್ಲ ತೋಟ, ಗದ್ದೆ ಅಂತ ಓಡಾಡಿರ್ತಾರೆ, ರಾತ್ರಿ ಮನೆ ತಣ್ಣಗಾದ್ಮೇಲೆ ಜಗಲಿ ಮೂಲೇಲಿ ಮಲಗಿರೋ ನಾಯಿ ನರಳೋದು ಕೇಳಿಸತ್ತೆ, ಆಗ ತಡ್ಕೊಳಕ್ಕಾಗಲ್ಲ. ನಾನು ತೀರ್ಥಹಳ್ಳಿ, ಹೊಸನಗರ ಕಡೆ ದನ, ನಾಯಿ ಎರಡೂ ನೋಡೋ ಪಶುವೈದ್ಯೆ. ಅಂಥ ಫೋನ್ ಬಂದಾಗ ಅದೇ ರಾತ್ರಿ ಟಾರ್ಚ್ ಹಿಡ್ಕೊಂಡು ಹೋಗಿ ಇಂಜೆಕ್ಷನ್ ಕೊಟ್ಟು ಬಂದಿದ್ದೂ ಇದೆ, ಬೆಳಿಗ್ಗೆ ಹೋಗಿ ನೋಡಿದ್ರೆ ನಾಯಿ ಎದ್ದು ಕೂತು ಬಾಲ ಅಲ್ಲಾಡಿಸಿದ್ದೂ ಇದೆ. ಅದಕ್ಕೇ ಇದನ್ನ ಬರೀತಿದೀನಿ. ದಯಾಮರಣ ತಪ್ಪಾ ಸರಿನಾ ಅಂತ ವಾದ ಮಾಡಕ್ಕಲ್ಲ, ಆ ತೀರ್ಮಾನಕ್ಕೆ ಬರೋ ಮುಂಚೆ ಏನು ನೋಡ್ಬೇಕು, ಯಾರನ್ನ ಕೇಳ್ಬೇಕು, ಕೇಳಿದ್ಮೇಲೆ ಹೆಂಗೆ ಮಾಡಿಸ್ಬೇಕು ಅಂತ ಹೇಳಕ್ಕೆ. ಎಲ್ಲಕ್ಕಿಂತ ಮುಂಚೆ ನಿಮ್ಮನ್ನ ನೀವೇ ಒಂದು ಪ್ರಶ್ನೆ ಕೇಳ್ಕೊಳ್ಳಿ, ಈ ಇಂಜೆಕ್ಷನ್ನಿಂದ ನಿಲ್ಲೋದು ಅದರ ನೋವಾ, ನಮ್ಮ ನೋವಾ? ಎರಡೂ ನೋವೇ, ಆದ್ರೆ ಎರಡಕ್ಕೂ ಔಷಧಿ ಒಂದೇ ಅಲ್ಲ.

ಮೊದ್ಲು, ಅದು ನಿಜವಾಗ್ಲೂ ಸಾಯ್ತಿದ್ಯಾ ನೋಡಿ

ನೋಡಕ್ಕೆ ಭಯ ಆಗೋದೆಲ್ಲ ಸಾಯೋ ಕಾಯಿಲೆ ಅಲ್ಲ, ಇದನ್ನ ಎಷ್ಟು ಸಲ ಹೇಳಿದ್ರೂ ಕಮ್ಮಿನೇ. ಮಳೆಗಾಲದಲ್ಲಿ ನಾಯಿ ಕಿವಿ ಹಿಂದೆ, ಬಾಲದ ಬುಡದಲ್ಲಿ ಸಣ್ಣ ಗಾಯ ಆಗಿ ಹುಳ ಬೀಳತ್ತೆ, ನಾಕು ದಿನದಲ್ಲಿ ದೊಡ್ಡ ತೂತಾಗಿ ಒಳಗಿನ ಮಾಂಸ ಕಾಣತ್ತೆ, ವಾಸನೆಗೆ ಹತ್ರ ನಿಲ್ಲಕ್ಕಾಗಲ್ಲ, ಇದರ ಕಥೆ ಮುಗೀತು ಅಂತ್ಲೇ ಮನೆಯವ್ರು ಕರ್ಕೊಂಡು ಬರ್ತಾರೆ. ಹುಳ ತೆಗ್ದು, ತೊಳ್ದು, ದಿನಾ ಡ್ರೆಸ್ಸಿಂಗ್ ಮಾಡಿದ್ರೆ ಎಷ್ಟೋ ನಾಯಿಗಳು ಕೆಲವೇ ವಾರದಲ್ಲಿ ಹುಷಾರಾಗ್ತವೆ. ಹಾಗೇ ಬಿಟ್ಟು ಸಾಕಿರೋ ನಾಯಿಗಳಿಗೆ ಮೂತ್ರ ಮಾಡೋ ಜಾಗದಲ್ಲಿ ಹೂಕೋಸಿನ ಥರ ಗಡ್ಡೆ ಬೆಳ್ದು ರಕ್ತ ತೊಟ್ಟಿಕ್ತಿರತ್ತೆ, ನಾಯಿಯಿಂದ ನಾಯಿಗೆ ಕೂಡೋವಾಗ ಹರಡೋ ಗಡ್ಡೆ ಅದು, ಹೌದು ಕ್ಯಾನ್ಸರ್ರೇ, ಆದ್ರೆ ವಿನ್‌ಕ್ರಿಸ್ಟಿನ್ ಅನ್ನೋ ಔಷಧಿನ ವಾರಕ್ಕೊಂದು ಸಲದ ಹಾಗೆ ನಾಲ್ಕರಿಂದ ಆರು ಸಲ ರಕ್ತನಾಳಕ್ಕೆ ಕೊಟ್ರೆ ಬಹುತೇಕ ನಾಯಿಗಳಲ್ಲಿ ಪೂರ್ತಿ ಕರಗಿಹೋಗತ್ತೆ. ಇದು ಗೊತ್ತಿಲ್ದೆ ಎಷ್ಟು ನಾಯಿಗಳನ್ನ ಸಾಯಿಸಿರ್ಬಹುದು ಅಂತ ನೆನೆಸ್ಕೊಂಡ್ರೆ ಹೊಟ್ಟೆ ಉರಿಯತ್ತೆ.

ಇನ್ನೊಂದು, ವಯಸ್ಸಾದ ನಾಯಿ ಇದ್ದಕ್ಕಿದ್ದ ಹಾಗೆ ತಲೆ ಒಂದು ಕಡೆ ವಾಲಿಸ್ಕೊಂಡು, ಕಣ್ಣುಗುಡ್ಡೆ ಅತ್ತಿಂದಿತ್ತ ಓಡಾಡ್ತಾ, ನಿಲ್ಲಕ್ಕಾಗ್ದೆ ಬಿದ್ದು ಹೊರಳಿ ವಾಂತಿ ಮಾಡತ್ತೆ, ಲಕ್ವ ಹೊಡೀತು ಅಂತ ಮನೆಯವ್ರು ಅಳ್ತಾ ಬರ್ತಾರೆ. ತುಂಬ ಸಲ ಅದು ಕಿವಿಯೊಳಗೆ ಬ್ಯಾಲೆನ್ಸ್ ನೋಡ್ಕೊಳ್ಳೋ ಭಾಗದ ತೊಂದ್ರೆ ಅಷ್ಟೇ, ಮೂರು ದಿನದ ಮೇಲೆ ಸುಧಾರಿಸಕ್ಕೆ ಶುರು ಆಗಿ ಎರಡು ಮೂರು ವಾರಕ್ಕೆ ಮೊದಲಿನ ಥರ ಓಡಾಡತ್ತೆ, ತಲೆ ಸ್ವಲ್ಪ ವಾರೆ ಉಳಿಬಹುದು. ಉಣುಗು (ಉಣ್ಣೆ) ಕಚ್ಚಿ ಬರೋ ಜ್ವರದಲ್ಲೂ ನಾಯಿ ಮೂಗಿಂದ ರಕ್ತ ಸುರಿಸ್ತಾ ಎದ್ದೇಳ್ದೆ ಮಲಗಿಬಿಡತ್ತೆ, ರಕ್ತ ಟೆಸ್ಟ್ ಮಾಡ್ಸಿ ಬೇಗ ಡಾಕ್ಸಿಸೈಕ್ಲಿನ್ ಶುರು ಮಾಡಿದ್ರೆ, ನಾಕು ವಾರ ತಪ್ಪದೆ ಕೊಟ್ರೆ, ಉಳಿಯೋದೇ ಜಾಸ್ತಿ.

ಹಾಗಾದ್ರೆ ವಾಪಸ್ ಬರ್ದೇ ಇರೋದು ಯಾವ್ದು? ಮೂತ್ರಪಿಂಡ ಸಣ್ಣಗೆ ಸಾಯ್ತಾ ಬಂದಿರೋದು ಒಂದು, ಅದರ ಮುಕ್ಕಾಲು ಭಾಗ ಹಾಳಾಗೋ ತನಕ ರಕ್ತದ ರಿಪೋರ್ಟಲ್ಲಿ ಮೂತ್ರಪಿಂಡ ಹೇಗಿದೆ ಅಂತ ತೋರಿಸೋ ಕ್ರಿಯಾಟಿನಿನ್ ಸರಿಯಾಗಿ ಏರೋದೇ ಇಲ್ಲ, ಅದಕ್ಕೇ ಗೊತ್ತಾಗೋವಾಗ ತಡ ಆಗಿರತ್ತೆ. ಆದ್ರೆ ಇಲಿ ಜ್ವರದಿಂದ ಒಮ್ಮೆಲೇ ಮೂತ್ರಪಿಂಡ ಕೆಟ್ಟಿದ್ರೆ ಅದು ಬೇರೆ, ಡ್ರಿಪ್ ಹಾಕಿ ಆಂಟಿಬಯಾಟಿಕ್ ಕೊಟ್ಟು ಉಳಿಸಿರೋ ನಾಯಿಗಳಿವೆ. ಶ್ವಾಸಕೋಶಕ್ಕೆ ಹರಡಿರೋ ಗಡ್ಡೆ ಇನ್ನೊಂದು. ಗಾಡಿ ಹತ್ತಿ ಬೆನ್ನುಮೂಳೆ ಮುರ್ದು, ಹಿಂಗಾಲಿನ ಬೆರಳನ್ನ ಇಕ್ಕಳದಲ್ಲಿ ಗಟ್ಟಿಯಾಗಿ ಒತ್ತಿದ್ರೂ ತಿರುಗಿ ನೋಡ್ದೇ ಇರೋ ನಾಯಿಗೆ ಮತ್ತೆ ನಡೆಯೋ ಆಸೆ ತುಂಬ ಕಮ್ಮಿ. ಇಲ್ಲಿ ಡಾಕ್ಟ್ರನ್ನ ಕೇಳ್ಬೇಕಾದ ಮಾತು "ಏನಾದ್ರೂ ಮಾಡಕ್ಕಾಗತ್ತಾ" ಅಂತ ಅಲ್ಲ, ಅದಕ್ಕೆ ಯಾರಾದ್ರೂ ನೋಡೋಣ ಅಂತಾರೆ. "ಔಷಧಿ ಮಾಡಿದ್ರೆ ಎಷ್ಟು ದಿನ, ಆ ದಿನಗಳು ಹೇಗಿರ್ತವೆ, ಮಾಡ್ದೇ ಬಿಟ್ರೆ ಸಾವು ಹೇಗೆ ಬರತ್ತೆ" ಅಂತ ಕೇಳಿ. ಅನುಮಾನ ಇದ್ರೆ ಶಿವಮೊಗ್ಗ ವಿನೋಬನಗರದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರ್ಕೊಂಡು ಹೋಗಿ ಇನ್ನೊಬ್ರ ಅಭಿಪ್ರಾಯ ತಗೊಳ್ಳಿ, ಹಾಗೆ ಕೇಳಿದ್ರೆ ನಮಗೇನು ಬೇಜಾರಿಲ್ಲ, ಬೇಜಾರು ಮಾಡ್ಕೊಳ್ಳೋರ ಹತ್ರ ಈ ತೀರ್ಮಾನಕ್ಕೆ ಹೋಗ್ಲೇಬೇಡಿ.

ಕ್ಯಾಲೆಂಡರಲ್ಲಿ ಬರೀರಿ

ದಿನಾ ಜೊತೇಲಿದ್ರೆ ಇಳಿದುಹೋಗ್ತಿರೋದು ಕಣ್ಣಿಗೆ ಬೀಳಲ್ಲ. ಅಡಿಕೆ ಮಂಡಿಯಿಂದ ಕೊಟ್ಟ ಕ್ಯಾಲೆಂಡರ್ ಗೋಡೆ ಮೇಲೆ ಇರತ್ತಲ್ಲ, ಅದರಲ್ಲಿ ಪ್ರತಿ ರಾತ್ರಿ ಇವತ್ತು ಒಳ್ಳೇ ದಿನ ಆದ್ರೆ ಒಂದು ಸೊನ್ನೆ, ಕೆಟ್ಟ ದಿನ ಆದ್ರೆ ಒಂದು ಗೆರೆ ಹಾಕಿ. ಒಳ್ಳೇ ದಿನ ಅಂದ್ರೆ ಏನು ಅಂತ ಮೊದ್ಲೇ ನಿಮ್ಮ ನಾಯಿಗೆ ತಕ್ಕ ಹಾಗೆ ಬರ್ದಿಟ್ಕೊಳ್ಳಿ, ಗೇಟಿನ ತನಕ ಬಂತು, ಮೀನಿನ ವಾಸನೆಗೆ ತಲೆ ಎತ್ತಿತು, ಬೈಕ್ ಸದ್ದಿಗೆ ಬಾಲ ಆಡಿಸಿತು, ಹೀಗೆ ಮೂರ್ನಾಲ್ಕು. ಗೆರೆಗಳು ಸೊನ್ನೆಗಳನ್ನ ದಾಟಿ ಹೋದ ವಾರ ಮಾತಾಡೋ ಹೊತ್ತು ಬಂತು ಅಂತ ಅರ್ಥ. ಇನ್ನೂ ಕರಾರುವಾಕ್ಕಾಗಿ ಬೇಕು ಅಂದ್ರೆ ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ ಅವ್ರು ಮಾಡಿದ ಒಂದು ಅಳತೆ ಇದೆ, ನೋವು, ಹಸಿವು, ನೀರು, ಮೈ ಸ್ವಚ್ಛ, ಖುಷಿ, ಓಡಾಟ, ಒಳ್ಳೇ ದಿನ ಕೆಟ್ಟ ದಿನದ ಲೆಕ್ಕ, ಈ ಏಳಕ್ಕೆ ಒಂದೊಂದಕ್ಕೂ 10ರಲ್ಲಿ ಎಷ್ಟು ಅಂತ ಅಂಕ ಹಾಕ್ಬೇಕು, 10 ಅಂದ್ರೆ ಚೆನ್ನಾಗಿದೆ, ಕೂಡಿದಾಗ 35ರ ಮೇಲಿದ್ರೆ ಆರೈಕೆ ಮುಂದುವರಿಸಬಹುದು ಅಂತ. ಮನೇಲಿ ಇಬ್ರು ಬೇರೆ ಬೇರೆ ಕೂತು ಅಂಕ ಹಾಕಿ ಆಮೇಲೆ ಹೋಲಿಸಿ ನೋಡಿ, ಅನ್ನ ಹಾಕೋರ ಅಂಕ ಬೇರೆ ಇರತ್ತೆ, ಸಂಜೆ ಬಂದು ತಲೆ ಸವರೋರ ಅಂಕ ಬೇರೆ ಇರತ್ತೆ. ನೋವು ಅಂದ್ರೆ ಕೂಗ್ಬೇಕು ಅಂತಿಲ್ಲ, ನಾಯಿ ಸುಮ್ನೆ ಏದುಸಿರು ಬಿಡ್ತಾ ಜಾಗ ಬದಲಾಯಿಸ್ತಾನೇ ಇರತ್ತೆ, ಬೆಕ್ಕು ಅಟ್ಟದ ಮೇಲೆ ಹೋಗಿ ಅಡಗಿ ಕೂರತ್ತೆ, ದನ ಮೆಲುಕು ಹಾಕೋದು ಬಿಟ್ಟು ಹಲ್ಲು ಕಡಿಯತ್ತೆ.

ಮನೇಲಿ ಎಲ್ರಿಗೂ ಗೊತ್ತಿರ್ಲಿ

ಇದನ್ನ ನಾನು ಕಲ್ತಿದ್ದು ತಪ್ಪು ಮಾಡಿ. ಕೆಲಸ ಶುರು ಮಾಡಿದ ಹೊಸದ್ರಲ್ಲಿ ಒಂದು ಮನೆ ನಾಯಿಗೆ, ಹದಿಮೂರು ವರ್ಷದ್ದು, ಮೂತ್ರಪಿಂಡ ಪೂರ್ತಿ ಹೋಗಿತ್ತು, ಮನೆ ಯಜಮಾನ್ರು ಕೇಳಿದ್ರು, ಕಾಯಿಲೆ ವಿಷಯದಲ್ಲಿ ಅನುಮಾನನೂ ಇರ್ಲಿಲ್ಲ, ಕೊಟ್ಟೆ. ಮಗಳು ಮಂಗಳೂರಲ್ಲಿ ಹಾಸ್ಟೆಲಲ್ಲಿದ್ಲು, ಪರೀಕ್ಷೆ ಇದೆ ಅಂತ ಅವಳಿಗೆ ಹೇಳಿರ್ಲಿಲ್ಲ. ದೀಪಾವಳಿಗೆ ಬಂದವಳು ಸೀದಾ ನನ್ನ ಹತ್ರ ಬಂದ್ಲು, ಬೈಲಿಲ್ಲ, "ಅವನಿಗೆ ನಾನು ಎಲ್ಲಿ ಅಂತ ಗೊತ್ತಾಗಿತ್ತಾ ಮೇಡಂ" ಅಂತ ಕೇಳಿದ್ಲು ಅಷ್ಟೇ. ಆ ನಾಯಿ ಇನ್ನೂ ಎರಡು ದಿನ ನೋವಿನ ಔಷಧಿ ಮೇಲೆ ಇರ್ಬಹುದಿತ್ತು, ಒಂದು ಬಸ್ ಹತ್ತಿ ಬರಕ್ಕೆ ಅವಳಿಗೆ ಅರ್ಧ ದಿನ ಸಾಕಿತ್ತು. ಅವತ್ತಿಂದ ನಾನು ಮೊದ್ಲು ಕೇಳೋದು, ಇದನ್ನ ಯಾರು ಸಾಕಿದ್ದು, ಅವ್ರೆಲ್ಲ ಎಲ್ಲಿದಾರೆ ಅಂತ. ದೂರ ಇರೋರಿಗೆ ವಿಡಿಯೋ ಕಾಲ್ ಮಾಡಿ, ಬರೋ ಹಾಗಿದ್ರೆ ಕಾಯಿರಿ, ಆದ್ರೆ ಕಾಯೋ ಅಷ್ಟು ದಿನ ನೋವಿಗೆ ಔಷಧಿ ನಿಲ್ಲಿಸ್ಬೇಡಿ.

ಒಪ್ಪಿಗೆನ ಕನ್ನಡದಲ್ಲಿ ಬರ್ದು ಸಹಿ ಹಾಕಿಸ್ಕೊಳ್ತೀನಿ, ಪ್ರಾಣಿ ನಿಮ್ದೇ ಅಂತ ಖಾತ್ರಿ ಮಾಡ್ಕೊಳ್ತೀನಿ, ಲಸಿಕೆ ಕಾರ್ಡ್ ಕೇಳ್ತೀನಿ, ಬೇಜಾರು ಮಾಡ್ಕೊಬೇಡಿ. ಪಕ್ಕದ ಮನೆ ನಾಯಿ ಕೋಳಿ ಹಿಡಿಯತ್ತೆ ಅಂತ ಅದನ್ನೇ ತಂದು ನಮ್ದೇ ಅಂದೋರೂ ಇದಾರೆ.

ದುಡ್ಡಿನ ಮಾತು ಬಾಯಿಬಿಟ್ಟು ಆಡಿ. "ಇಷ್ಟೇ ನಮ್ಮಿಂದಾಗೋದು ಡಾಕ್ಟ್ರೇ" ಅಂತ ಹೇಳಕ್ಕೆ ನಾಚ್ಕೊಂಡು, ಇದಕ್ಕೆ ತುಂಬ ನೋವಾಗ್ತಿದೆ ಅಂತ ಸುತ್ತಿ ಬಳಸಿ ಹೇಳ್ತಾರೆ, ಆಗ ನಾವು ತಪ್ಪು ದಾರಿಗೆ ಹೋಗ್ತೀವಿ. ದುಡ್ಡಿಲ್ಲ ಅನ್ನೋದು ಪಾಪ ಅಲ್ಲ, ಅಡಿಕೆಗೆ ಕೊಳೆ ಬಂದ ವರ್ಷ ಮನೆ ಮಕ್ಕಳ ಫೀಸೇ ಕಷ್ಟ ಇರತ್ತೆ, ಅದು ನಮಗೂ ಗೊತ್ತು. ಹೇಳಿದ್ರೆ ಸರ್ಕಾರಿ ಆಸ್ಪತ್ರೇಲಿ ಆಗೋದೆಷ್ಟು, ಕಮ್ಮಿ ಬೆಲೆ ಔಷಧಿ ಯಾವ್ದು, ಎಲ್ಲ ಟೆಸ್ಟ್ ಬಿಟ್ಟು ಬರೀ ನೋವು ಕಮ್ಮಿ ಮಾಡೋ ದಾರಿ ಯಾವ್ದು ಅಂತ ಹೇಳ್ಬಹುದು. 1962ಕ್ಕೆ ಫೋನ್ ಮಾಡಿದ್ರೆ ಸರ್ಕಾರದ ಸಂಚಾರಿ ಪಶು ಚಿಕಿತ್ಸಾ ಗಾಡಿನೂ ಬರತ್ತೆ.

ಚೆನ್ನಾಗಿರೋ ನಾಯಿನ ಮುಗಿಸಿ ಅಂತ ಬಂದಾಗ

ಈ ಕೆಲಸದಲ್ಲಿ ನನ್ನ ನಿದ್ದೆ ಕೆಡಿಸೋದು ಕಾಯಿಲೆ ನಾಯಿಗಳಲ್ಲ, ಇವು. ಬೆಂಗಳೂರಿಗೆ ಶಿಫ್ಟ್ ಆಗ್ತಿದೀವಿ, ಫ್ಲಾಟಲ್ಲಿ ಬಿಡಲ್ಲ. ಅಪ್ಪ ತೀರಿಕೊಂಡ್ರು, ತೋಟದ ಮನೇಲಿ ನೋಡ್ಕೊಳ್ಳೋರಿಲ್ಲ. ಮಗು ಹುಟ್ಟಿದೆ, ಭಯ ಆಗತ್ತೆ. ಒಂದೊಂದು ಕಾರಣನೂ ನಿಜಾನೇ, ಆದ್ರೆ ಯಾವ್ದೂ ನಾಯಿ ಕಾಯಿಲೆ ಅಲ್ಲ. ನಾನು ಕೊಡಲ್ಲ. ಕಾನೂನೂ ಹಗುರ ಇಲ್ಲ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಹಸಿವು ನೀರಡಿಕೆಯಿಂದ ನರಳೋ ಹಾಗೆ ಪ್ರಾಣಿನ ಎಲ್ಲೋ ಬಿಟ್ಟು ಬರೋದೇ ಅಪರಾಧ, ಇನ್ನೊಬ್ರ ಪ್ರಾಣಿಗೆ ವಿಷ ಹಾಕಿ ಕೊಂದ್ರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂನಲ್ಲಿ ಐದು ವರ್ಷದ ತನಕ ಶಿಕ್ಷೆ ಇದೆ.

ಆದ್ರೆ ಕೊಡಲ್ಲ ಅಂದ್ಬಿಟ್ರೆ ನನ್ನ ಕೈ ತೊಳ್ಕೊಂಡ ಹಾಗಾ? ಒಂದ್ಸಲ ಆರು ವರ್ಷದ ಲ್ಯಾಬ್ರಡಾರ್ ಕರ್ಕೊಂಡು ಬಂದಿದ್ರು, ಮೈ ಮಿಂಚ್ತಿತ್ತು, ನನ್ನ ಕೈ ನೆಕ್ತಿತ್ತು. ಆಗಲ್ಲ ಅಂತ ಖಡಾಖಂಡಿತವಾಗಿ ಹೇಳಿ ಕಳಿಸ್ದೆ, ಸರಿಯಾಗೇ ಮಾಡ್ದೆ ಅಂತ ಅಂದ್ಕೊಂಡೆ. ಒಂದು ವಾರ ಬಿಟ್ಟು ಘಾಟಿ ರಸ್ತೇಲಿ ಕೊರಳಪಟ್ಟಿ ಇರೋ ಲ್ಯಾಬ್ರಡಾರ್ ಒಂದು ಕಾರುಗಳ ಹಿಂದೆ ಓಡ್ತಿದೆ ಅಂತ ಲಾರಿಯವ್ರೊಬ್ರು ಹೇಳಿದ್ರು, ಹುಡುಕ್ಕೊಂಡು ಹೋದೆ, ಸಿಗ್ಲಿಲ್ಲ. ಅದೇ ನಾಯಿ ಹೌದೋ ಅಲ್ವೋ ಗೊತ್ತಿಲ್ಲ. ನಾನು ಇಂಜೆಕ್ಷನ್ ಕೊಟ್ಟಿದ್ರೆ ಚೆನ್ನಾಗಿತ್ತು ಅಂತ ಈಗ್ಲೂ ಅನ್ಸಲ್ಲ, ಬೇಡ ಅಂದಿದ್ದಷ್ಟೇ ಸಾಕಿತ್ತು ಅಂತಾನೂ ಅನ್ಸಲ್ಲ. ಈಗ ಏನು ಮಾಡ್ತೀನಿ ಅಂದ್ರೆ, ಹದಿನೈದು ದಿನ ಟೈಮ್ ಕೇಳ್ತೀನಿ, ಫೋಟೋ ತೆಗ್ದು ನನಗೆ ಗೊತ್ತಿರೋ ಎಸ್ಟೇಟಿನವ್ರು, ಹೋಂಸ್ಟೇ ನಡೆಸೋರು, ಅವ್ರ ವಾಟ್ಸಾಪ್ ಗ್ರೂಪಿಗೆ ಹಾಕ್ತೀನಿ, ನಾಯಿ ತಂದೋರ ಫೋನ್ ನಂಬರ್ ಇಟ್ಕೊಂಡು ದಿನ ಬಿಟ್ಟು ದಿನ ಕೇಳ್ತೀನಿ. ನೀವೂ ಅಂಥ ಸ್ಥಿತೀಲಿದ್ರೆ ಊರು ಬಿಡೋ ವಾರ ಬರ್ಬೇಡಿ, ಎರಡು ತಿಂಗಳು ಮುಂಚೆ ಹೇಳಿ. ದೊಡ್ಡ ನಾಯಿಗೆ ಮನೆ ಸಿಗಲ್ಲ ಅನ್ನೋದು ಸುಳ್ಳು, ನಮ್ಮ ಕಡೆ ಚಿರತೆ ಕಾಟಕ್ಕೆ ನಾಯಿ ಕಳ್ಕೊಂಡು ಇನ್ನೊಂದು ಹುಡುಕ್ತಿರೋ ಮನೆ ಯಾವಾಗ್ಲೂ ಇರತ್ತೆ. ಹಾಗಂತ ರಾತ್ರಿ ಹೊರಗೇ ಕಟ್ಟಿಹಾಕೋ ಮನೆಗೆ ಮಾತ್ರ ಕೊಡ್ಬೇಡಿ.

ಕಚ್ಚೋ ನಾಯಿ ವಿಷಯ ಬೇರೆ. ಯಾಕೆ ಕಚ್ಚತ್ತೆ ಅಂತ ಮೊದ್ಲು ನೋಡ್ಬೇಕು, ಸೊಂಟ ನೋವಿರೋ ನಾಯಿ, ಕಿವಿ ಕೀವಾಗಿರೋ ನಾಯಿ ಮುಟ್ಟಿದ್ರೆ ಕಚ್ಚೇ ಕಚ್ಚತ್ತೆ, ಅದಕ್ಕೆ ಔಷಧಿ ಇದೆ. ಇವತ್ತು ಯಾರನ್ನೋ ಕಚ್ಚಿದ ನಾಯಿನ ಮಾತ್ರ ಸಿಟ್ಟಲ್ಲಿ ಇವತ್ತೇ ಕೊಲ್ಲಿಸ್ಬೇಡಿ. ಹತ್ತು ದಿನ ಕಟ್ಟಿಹಾಕಿ ನೋಡ್ಬೇಕು, ಅದು ಆರೋಗ್ಯವಾಗೇ ಉಳಿದ್ರೆ ಕಚ್ಚಿದ ಹೊತ್ತಲ್ಲಿ ಅದರ ಜೊಲ್ಲಲ್ಲಿ ರೇಬಿಸ್ ಇರ್ಲಿಲ್ಲ ಅಂತ ತಿಳಿಯತ್ತೆ, ಕೊಂದ್ಬಿಟ್ರೆ ಆ ದಾರಿ ಮುಚ್ಚಿಹೋಗತ್ತೆ. ಕಚ್ಚಿಸ್ಕೊಂಡೋರು ಮಾತ್ರ ಹತ್ತು ದಿನ ಕಾಯೋ ಹಾಗಿಲ್ಲ, ಸೋಪು ಹಾಕಿ ಹರಿಯೋ ನೀರಲ್ಲಿ ಹದಿನೈದು ನಿಮಿಷ ತೊಳ್ದು ಅವತ್ತೇ ಹೋಗಿ ಲಸಿಕೆ ಶುರು ಮಾಡ್ಬೇಕು.

ಬೀದಿ ನಾಯಿಗೆ ಗಾಡಿ ಹೊಡೆದಿದ್ರೆ ಯಾರೂ ತಾವೇ ತೀರ್ಮಾನ ಮಾಡೋ ಹಾಗಿಲ್ಲ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಲ್ಲಿ, ವಾಸಿ ಆಗ್ದೇ ಇರೋ ಕಾಯಿಲೆ ಇಲ್ಲಾ ಮಾರಣಾಂತಿಕ ಗಾಯ ಆಗಿರೋ ಬೀದಿ ನಾಯಿಗೆ ಮಾತ್ರ, ಅದೂ ಅರ್ಹ ಪಶುವೈದ್ಯರ ಕೈಲೇ, ನೋವಿಲ್ಲದ ಹಾಗೆ ದಯಾಮರಣಕ್ಕೆ ಅವಕಾಶ ಇದೆ, ಇನ್ನೊಂದು ನಾಯಿ ಕಣ್ಣೆದುರು ಮಾಡೋ ಹಾಗಿಲ್ಲ, ದಾಖಲೆ ಇಡ್ಬೇಕು. ಕಾಡುಪ್ರಾಣಿ ಆದ್ರೆ, ಗಾಯ ಆದ ಕಡವೆ ಇರ್ಲಿ, ಕಾಟಿ (ಕಾಡುಕೋಣ) ಇರ್ಲಿ, ಮುಟ್ಟದೆ ಅರಣ್ಯ ಇಲಾಖೆಗೆ ಫೋನ್ ಮಾಡಿ, 1972ರ ವನ್ಯಜೀವಿ ಕಾಯ್ದೆ ಕೆಳಗೆ ಅದರ ತೀರ್ಮಾನ ಮುಖ್ಯ ವನ್ಯಜೀವಿ ಪರಿಪಾಲಕರ ಮಟ್ಟದ್ದು. ತೋಟದಲ್ಲಿ ಮಂಗ ಸತ್ತು ಬಿದ್ದಿದ್ರೆ ಹತ್ರಾನೇ ಹೋಗ್ಬೇಡಿ, 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಿಂದ ಹೆಸರು ಪಡ್ಕೊಂಡ ಮಂಗನ ಕಾಯಿಲೆ ಇನ್ನೂ ಇಲ್ಲೇ ಇದೆ, ಆರೋಗ್ಯ ಇಲಾಖೆಗೆ ತಿಳಿಸಿ.

ದನದ ವಿಷಯ

ಕೊಟ್ಟಿಗೆ ಒಳಗೆ ಈ ಮಾತು ಆಡೋದೇ ಕಷ್ಟ. ದೀಪಾವಳಿಗೆ ಅಡಿಕೆ ಸರ ಹಾಕಿ ಪೂಜೆ ಮಾಡಿದ ಹಸು ಅದು. ಮೊದ್ಲು ಕಾನೂನು, 2020ರ ನಮ್ಮ ರಾಜ್ಯದ ಕಾಯ್ದೆ ಪ್ರಕಾರ ಹಸು, ಎತ್ತು, ಹೋರಿ, ಕರು ಯಾವ ವಯಸ್ಸಿಂದಾದ್ರೂ, ಎಮ್ಮೆ ಕೋಣ 13 ವರ್ಷದ ಒಳಗಿಂದಾದ್ರೆ, ವಧೆ ನಿಷೇಧ. ಹಾಗಾಗಿ ಎಷ್ಟೇ ನರಳ್ತಿರ್ಲಿ, ನಿಮ್ಮೂರಿನ ಸರ್ಕಾರಿ ಪಶುವೈದ್ಯಾಧಿಕಾರಿಗಳು ಬಂದು ನೋಡಿ, ಬರವಣಿಗೇಲಿ ಕೊಡ್ದೆ ಯಾರೂ ಕೈ ಹಾಕ್ಬೇಡಿ. ಇನ್ಶೂರೆನ್ಸ್ ಮಾಡಿಸಿದ್ರೆ ಕಂಪನಿಗೆ ಮುಂಚೆನೇ ತಿಳಿಸಿ, ಕಿವಿ ಓಲೆ (ನಂಬರ್ ಇರೋ ಟ್ಯಾಗ್) ಕಿತ್ತು ಬಿಸಾಕ್ಬೇಡಿ.

ಬಿದ್ದ ದನ ಎಲ್ಲ ಏಳಲ್ಲ ಅಂತಿಲ್ಲ. ಕರು ಹಾಕಿ ಎರಡು ಮೂರು ದಿನದೊಳಗೆ ಸೀಮೆ ತಳಿಯ ಜರ್ಸಿ, ಎಚ್‌ಎಫ್ ಹಸು ಬಿದ್ದು, ಕಿವಿ ತಣ್ಣಗಾಗಿ, ಕುತ್ತಿಗೆ ಪಕ್ಕೆಗೆ ತಿರುಗಿಸ್ಕೊಂಡು ಮಲಗಿದ್ರೆ ಅದು ಹಾಲು ಜ್ವರ, ಕ್ಯಾಲ್ಸಿಯಂ ನಿಧಾನಕ್ಕೆ ರಕ್ತಕ್ಕೆ ಹೋದ್ರೆ ಎಷ್ಟೋ ಸಲ ಬಾಟಲಿ ತೆಗೆಯೋದ್ರೊಳಗೆ ಎದ್ದು ನಿಲ್ಲತ್ತೆ. ತಡ ಮಾಡಿದ್ರೆ ಮೈ ಭಾರಕ್ಕೆ ಕೆಳಗಿನ ಕಾಲಿನ ಮಾಂಸ, ನರ ಸತ್ತು ಆಮೇಲೆ ಕ್ಯಾಲ್ಸಿಯಂ ಕೊಟ್ರೂ ಏಳಲ್ಲ. ಅದಕ್ಕೇ ಬಿದ್ದ ದನನ ಕಲ್ಲಿನ ಮೇಲೆ ಬಿಡ್ಬೇಡಿ, ದರಗು (ಒಣಗಿದೆಲೆ), ಒಣಹುಲ್ಲು ಮೊಣಕಾಲೆತ್ತರ ಹಾಕಿ, ಮೂರ್ನಾಲ್ಕು ಗಂಟೆಗೊಂದ್ಸಲ ಮಗ್ಗುಲು ಬದಲಾಯಿಸಿ, ನೀರು, ಕಲಗಚ್ಚು ಬಾಯಿ ಹತ್ರ ಇಡಿ. ಕಣ್ಣು ಚುರುಕಾಗಿದ್ದು, ಹುಲ್ಲು ತಿಂತಿದ್ದು, ಏಳಕ್ಕೆ ಪ್ರಯತ್ನ ಮಾಡ್ತಿದ್ರೆ ಒಂದು ವಾರ ಆದ್ರೂ ಆಸೆ ಬಿಡ್ಬೇಡಿ.

ಸೊಂಟದ ಮೂಳೆ ಮುರ್ದಿದ್ರೆ? ಹೊಸನಗರ ತಾಲ್ಲೂಕಿನ ನಗರ ಅನ್ನೋ ಊರಿನ ಕಡೆ ಒಂದು ಮನೇಲಿ, ಪುಷ್ಯ ಮಳೆ ಹೊಡೀತಿತ್ತು, ಪಾಚಿ ಕಟ್ಟಿದ ಕಲ್ಲಿನ ಮೇಲೆ ಹಸು ಎರಡು ಕಾಲೂ ಅಗಲಿಸಿ ಬಿದ್ದಿತ್ತು, ಒಳಗೆ ಕೈ ಹಾಕಿ ನೋಡಿದ್ರೆ ಮೂಳೆ ಕರಕರ ಅಂತಿತ್ತು. ಇದು ಏಳಲ್ಲ ಅಂತ ಹೇಳಿದೆ, ಇರೋ ದಾರಿನೂ ಹೇಳಿದೆ. ಮಗ ತಲೆ ಆಡಿಸಿದ್ರು, ಅಜ್ಜಿ ಮಾತ್ರ ಕೊಟ್ಟಿಗೆ ಕಂಬ ಹಿಡ್ಕೊಂಡು "ಬ್ಯಾಡ ತಂಗಿ, ಅದರ ಋಣ ಮುಗಿಯೋ ತನಕ ಅದು ಇರ್ಲಿ, ನಮ್ಮ ಕೈಯಿಂದ ಬ್ಯಾಡ" ಅಂದ್ರು. ಮಗ ಊರ ದೇವತೆ ಚೌಡಿ ಹತ್ರ ಪ್ರಸಾದ (ದೇವರ ಅಪ್ಪಣೆ) ಕೇಳಿ ಬರ್ತೀನಿ ಅಂತ ಹೋದ್ರು. ನಾನು ವಾದ ಮಾಡ್ಲಿಲ್ಲ. ಆದ್ರೆ ಒಂದು ಹೇಳ್ದೆ, ಆ ಇಂಜೆಕ್ಷನ್ ಬೇಡ ಅಂದ್ರೆ ನೋವಿನ ಇಂಜೆಕ್ಷನ್ನೂ ಬೇಡ ಅಂತ ಅಲ್ಲ ಅಜ್ಜಿ ಅಂತ. ಮೂರು ದಿನ ಬೆಳಿಗ್ಗೆ ಸಂಜೆ ಹೋಗಿ ನೋವಿಗೆ ಕೊಟ್ಟೆ, ಅಜ್ಜಿ ಪಕ್ಕದಲ್ಲೇ ಕಂಬಳಿ ಹಾಸ್ಕೊಂಡು ಮಲಗ್ತಿದ್ರು, ನಾಕನೇ ಬೆಳಗಿನ ಜಾವ ಹೋಯ್ತು. ಕೊನೇ ರಾತ್ರಿ ಔಷಧಿ ಸಾಕಾಗಿರ್ಲಿಲ್ಲ, ಅದು ನನಗೆ ಗೊತ್ತು. ಅಜ್ಜಿದು ತಪ್ಪು ಅಂತ ಹೇಳಕ್ಕೆ ನನಗೆ ಬಾಯಿ ಬರಲ್ಲ, ಆ ಹಸು ಪಟ್ಟ ಕೊನೇ ರಾತ್ರಿ ಸರಿ ಅಂತಾನೂ ಹೇಳಲ್ಲ.

1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಒಂದು ಕರು ಹೀಗೇ ವಾಸಿ ಆಗ್ದೆ ನರಳ್ತಿದ್ದಾಗ ಗಾಂಧೀಜಿ ಡಾಕ್ಟ್ರನ್ನ ಕರ್ಸಿ ಇಂಜೆಕ್ಷನ್ ಕೊಡಿಸಿದ್ರು, ಅಹಿಂಸೆ ಅಂತ ಹೇಳೋರು ಹೀಗೆ ಮಾಡಬಹುದಾ ಅಂತ ಜನ ಕೋಪದಲ್ಲಿ ರಾಶಿ ರಾಶಿ ಕಾಗದ ಬರೆದ್ರು, ಅವ್ರು ಪತ್ರಿಕೇಲೇ ಉತ್ತರ ಕೊಟ್ರು, ತಾನು ಮಾಡಿದ್ದು ಹಿಂಸೆ ಅಲ್ಲ ಅಂತ. ಇದನ್ನ ನಾನು ಯಾರ ಬಾಯಿ ಮುಚ್ಚಿಸಕ್ಕೂ ಹೇಳಲ್ಲ, ಅಂಥ ಮನಸ್ಸಿಗೂ ಈ ಪ್ರಶ್ನೆ ಎದುರಾಗಿತ್ತು, ನೀವೊಬ್ರೇ ಅಲ್ಲ ಅಂತ ಹೇಳಕ್ಕೆ ಹೇಳ್ತೀನಿ. ಬೇಡ ಅನ್ನೋ ಮನೆಗೆ ನನ್ನ ಷರತ್ತು ಒಂದೇ, ನೋವಿನ ಔಷಧಿ ನಿಲ್ಲಿಸೋ ಹಾಗಿಲ್ಲ. ಅದರಲ್ಲೂ ಮೆಲಾಕ್ಸಿಕ್ಯಾಂ ಕೇಳಿ. ದನಕ್ಕೆ ಡೈಕ್ಲೋಫೆನಾಕ್ ಕೊಟ್ಟು, ಆ ಹೆಣ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತು ದೇಶದಲ್ಲೆಲ್ಲ ಖಾಲಿ ಆದ್ಮೇಲೆ 2006ರಲ್ಲಿ ಪ್ರಾಣಿಗಳಿಗೆ ಅದನ್ನ ನಿಷೇಧ ಮಾಡಿದ್ರು, 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೋಫೆನಾಕನ್ನೂ ನಿಲ್ಲಿಸಿದ್ರು.

ಆ ದಿನ

ತೀರ್ಮಾನ ಆದ್ಮೇಲೆ ಹಗಲು ಹೊತ್ತು ಇಟ್ಕೊಳ್ಳಿ, ಆದಷ್ಟು ಮನೇಲೇ, ಅದು ಮಲಗೋ ಜಾಗದಲ್ಲೇ. ಗುಂಡಿ ಮುಂಚೆನೇ ತೆಗೆಸಿಡಿ ಆದ್ರೆ ಅದರ ಕಣ್ಣಿಗೆ, ಮಕ್ಕಳ ಕಣ್ಣಿಗೆ ಬೀಳೋ ಜಾಗದಲ್ಲಿ ಬೇಡ. ತಿನ್ನೋ ಹಾಗಿದ್ರೆ ಇಷ್ಟ ಆಗಿದ್ದು ಸ್ವಲ್ಪ ಕೊಡಿ. ಡಾಕ್ಟ್ರ ದುಡ್ಡು ಮೊದ್ಲೇ ಕೊಟ್ಟು ಮುಗಿಸಿ, ಆಮೇಲೆ ಪರ್ಸ್ ತೆಗೆಯಕ್ಕೆ ನಿಮಗೂ ಆಗಲ್ಲ, ಇಸ್ಕೊಳಕ್ಕೆ ನಮಗೂ ಆಗಲ್ಲ.

ಮೊದ್ಲು ಮಂಪರು ಬರೋ ಇಂಜೆಕ್ಷನ್ ಕೊಡ್ತೀವಿ, ಹತ್ತು ಹದಿನೈದು ನಿಮಿಷದಲ್ಲಿ ತಲೆ ಕೆಳಗೆ ಹಾಕತ್ತೆ, ಕೆಲವು ವಾಂತಿ ಮಾಡ್ತವೆ, ಹೆದರ್ಬೇಡಿ. ಆಮೇಲೆ ಮುಂಗಾಲಿನ ರಕ್ತನಾಳಕ್ಕೆ ಸೂಜಿ ಕೂರಿಸಿ ಆಪರೇಷನ್‌ಗೆ ಜ್ಞಾನ ತಪ್ಪಿಸೋ ಔಷಧಿ ಇದ್ಯಲ್ಲ, ಥಯೋಪೆಂಟೋನ್, ಪೆಂಟೊಬಾರ್ಬಿಟಲ್ ಆ ಜಾತೀದು, ಅದನ್ನ ಹೆಚ್ಚಿನ ಪ್ರಮಾಣದಲ್ಲಿ ಕೊಡ್ತೀವಿ. ಮೊದ್ಲು ಪ್ರಜ್ಞೆ ಹೋಗತ್ತೆ, ಆಮೇಲೆ ಉಸಿರು, ಆಮೇಲೆ ಎದೆ ಬಡಿತ, ಈ ಕ್ರಮ ಮುಖ್ಯ. ಪ್ರಜ್ಞೆ ಇರೋವಾಗ್ಲೇ ಬೇರೆ ಏನೋ ಚುಚ್ಚಿ ಹೃದಯ ನಿಲ್ಸೋದು ಹಿಂಸೆ, ಯಾರಾದ್ರೂ ಮಂಪರು ಕೊಡ್ದೆ ಒಂದೇ ಸಲಕ್ಕೆ ಮುಗಿಸ್ತೀನಿ ಅಂದ್ರೆ ಯಾವ ಔಷಧಿ ಅಂತ ಕೇಳಿ, ಉತ್ತರ ಸರಿ ಇಲ್ದಿದ್ರೆ ಬೇಡ ಅನ್ನಿ, ಕೇಳೋ ಹಕ್ಕು ನಿಮಗಿದೆ. ಸತ್ತ ಮೇಲೂ ಕಣ್ಣು ಮುಚ್ಚಲ್ಲ, ಮೂತ್ರ ಹೋಗಬಹುದು, ಒಂದೆರಡು ಸಲ ದೊಡ್ಡ ಉಸಿರೆಳೆದ ಹಾಗೆ ಆಗಬಹುದು, ಅದು ಬರೀ ಸ್ನಾಯುಗಳ ಅದುರು, ಜೀವ ವಾಪಸ್ ಬಂದಿದ್ದಲ್ಲ. ಸ್ಟೆತಸ್ಕೋಪ್ ಇಟ್ಟು ಐದು ನಿಮಿಷ ಕೇಳಿ ಹೇಳೋ ತನಕ ಎತ್ಬೇಡಿ.

ಜೊತೇಲಿ ಇರಕ್ಕಾಗೋರು ಇರಿ, ತಲೆ ಹತ್ರ ಕೂತು ದಿನಾ ಕರೆಯೋ ಹೆಸರಲ್ಲೇ ಮಾತಾಡಿ. ಆಗದೇ ಇರೋರನ್ನ ಬಲವಂತ ಮಾಡ್ಬೇಡಿ, ನಾವು ಇರ್ತೀವಿ. ಮಕ್ಕಳಿಗೆ ಓಡಿಹೋಯ್ತು, ಚಿರತೆ ಹಿಡ್ಕೊಂಡು ಹೋಯ್ತು ಅಂತ ಸುಳ್ಳು ಹೇಳ್ಬೇಡಿ, ಅವು ತಿಂಗಳುಗಟ್ಲೆ ಗೇಟಲ್ಲಿ ಕಾಯ್ತಾವೆ. ಮನೇಲಿ ಇನ್ನೊಂದು ನಾಯಿ ಇದ್ರೆ ಆಮೇಲೆ ಬಂದು ಮೂಸಿ ನೋಡಕ್ಕೆ ಬಿಡಿ.

ಹೂಳೋದನ್ನ ಹಗುರವಾಗಿ ತಗೋಬೇಡಿ. ಆ ಔಷಧಿ ಮೈಯಲ್ಲೇ ಉಳ್ದಿರತ್ತೆ, ಹೆಣನ ಬೇರೆ ನಾಯಿ, ನರಿ, ಹಂದಿ ಕಿತ್ತು ತಿಂದ್ರೆ ಅವೂ ಸಾಯ್ತವೆ. ನಾಯಿಗೆ ಎದೆಯುದ್ದ, ದನಕ್ಕೆ ಜೆಸಿಬಿ ಕರೆಸಿ ಆಳುದ್ದ ತೆಗೆಸಿ, ಬಾವಿ, ಹಳ್ಳದಿಂದ ದೂರ, ತೋಟದ ತಗ್ಗಲ್ಲಿ ಬೇಡ, ಮಳೆಗಾಲದಲ್ಲಿ ಅಲ್ಲಿ ಎರಡಡಿಗೇ ನೀರು ಬರತ್ತೆ, ಬ್ಯಾಣದ (ಹುಲ್ಲುಗಾವಲಿನ) ಎತ್ತರದಲ್ಲಿ ತೆಗೀರಿ. ಪ್ಲಾಸ್ಟಿಕ್ ಸುತ್ಬೇಡಿ, ಹಳೇ ಪಂಚೆ ಸಾಕು, ಸುಣ್ಣ ಹಾಕಿ ಮಣ್ಣು ಮುಚ್ಚಿ ಮೇಲೆ ಜಂಬಿಟ್ಟಿಗೆ ಕಲ್ಲು ಹೇರಿ. ತೆಂಗಿನ ಸಸಿ ನೆಡೋ ರೂಢಿ ಇದ್ಯಲ್ಲ, ಕಲ್ಲಿನ ಪಕ್ಕದಲ್ಲಿ ಒಂದು ಗುಂಡಿ ಮಾಡಿ ನೆಡಿ.

ಉಳ್ದಿರೋ ಮಾತ್ರೆ ಇನ್ನೊಂದು ಪ್ರಾಣಿಗೆ ಹಾಕ್ಬೇಡಿ, ನಾಯಿಗೆ ಆಗಿದ್ದು ಬೆಕ್ಕಿಗೆ ಆಗಲ್ಲ, ಮನೇಲಿರೋ ಪ್ಯಾರಸಿಟಮಾಲ್ ಒಂದೇ ಸಾಕು ಬೆಕ್ಕು ಸಾಯಕ್ಕೆ. ಹೊಸ ಮರಿ ಯಾವಾಗ ತರೋದು ಅಂತ ಎಲ್ರೂ ಕೇಳ್ತಾರೆ. ಹೋಗಿದ್ದು ವಯಸ್ಸಾಗಿ ಆದ್ರೆ ನಿಮ್ಮ ಮನಸ್ಸು ಬಂದಾಗ ತನ್ನಿ. ಪಾರ್ವೋ ಅನ್ನೋ ವಾಂತಿ ಭೇದಿ ಕಾಯಿಲೆ ಆಗಿ ಹೋಗಿದ್ರೆ ಆ ವೈರಸ್ ಅಂಗಳದ ಮಣ್ಣಲ್ಲಿ ತಿಂಗಳುಗಟ್ಲೆ ಬದುಕಿರತ್ತೆ, ಮಲಗ್ತಿದ್ದ ಚೀಲ ಸುಡಿ, ಸಿಮೆಂಟ್ ನೆಲನ ಬ್ಲೀಚಿಂಗ್ ನೀರಲ್ಲಿ ತೊಳೀರಿ, ಲಸಿಕೆ ಎಲ್ಲ ಪೂರ್ತಿ ಆಗಿರೋ ನಾಯಿನೇ ತನ್ನಿ, ಎರಡು ತಿಂಗಳ ಮರಿ ಆ ವರ್ಷ ಬೇಡ.